ಮನೆ ಅಡವಿಟ್ಟು ಕಾಡು ಓದಬೇಕಾ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೀವಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದ್ದೀರಿ, ವಿದೇಶದಲ್ಲಿ ವನ್ಯಜೀವಿ ಸಂರಕ್ಷಣೆಯ ಎರಡು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ ಮಾತ್ರ ಸಿಕ್ಕಿಲ್ಲ. ಫೀಸಿಗಾಗಿ ಮನೆ ಅಡವಿಡಲು ಅಪ್ಪ ಒಪ್ಪಿದ್ದಾರೆ. "ಈ ಸಾಲ ತೀರಿಸುವಷ್ಟು ಸಂಬಳ ಮುಂದೆ ಬರುತ್ತದಾ? ಅಷ್ಟು ಹೇಳಿ ಸಾಕು" ಅಂತ ಕೇಳಿದ್ದೀರಿ. ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ಪದವಿ ಇಲ್ಲದೆಯೇ ಕಾಡಿಗೆ ಹೋದರಲ್ಲ ಎಂದೂ ಬರೆದಿದ್ದೀರಿ.

ಮೊದಲು ಸಾಲದ ಮಾತು. ಅಷ್ಟು ಸಂಬಳ ಬರುವುದು ಕಷ್ಟ, ಶುರುವಿನ ವರ್ಷಗಳಲ್ಲಂತೂ ಬಹಳ ಕಷ್ಟ. ಈ ಕ್ಷೇತ್ರದ ಹೆಚ್ಚಿನ ಕೆಲಸಗಳು ನಡೆಯುವುದು ಗ್ರ್ಯಾಂಟ್, ಅಂದರೆ ಅನುದಾನದ ಹಣದಲ್ಲಿ. ಗ್ರ್ಯಾಂಟ್ ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಬರುತ್ತದೆ, ಅದು ಮುಗಿದ ದಿನ ಪ್ರಾಜೆಕ್ಟ್ ಮುಗಿಯುತ್ತದೆ, ಅದರ ಜೊತೆಗೆ ನಿಮ್ಮ ಕೆಲಸವೂ. ಮುಂದಿನದು ಸಿಗುವ ತನಕ ಕಾಯಬೇಕು. ಬ್ಯಾಂಕಿನ ಕಂತು ಕಾಯುವುದಿಲ್ಲ. ಇರುವ ಕೆಲಸ ಕಡಿಮೆ, ಬಯಸುವವರು ಜಾಸ್ತಿ, ಹಾಗಾಗಿ ಹೊಸಬರನ್ನು ಸಂಬಳವಿಲ್ಲದೆ ದುಡಿಸಿಕೊಳ್ಳುವ ಕಡೆಗಳೂ ಇವೆ. ಸ್ವಯಂಸೇವಕರಾಗಿ ಬನ್ನಿ ಎಂದು ಕರೆದು ಅವರಿಂದಲೇ ದುಡ್ಡು ಕಟ್ಟಿಸಿಕೊಳ್ಳುವವರೂ ಇದ್ದಾರೆ. ಇದು ಅನ್ಯಾಯ, ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ ಉಳಿದುಕೊಳ್ಳುವ ಹಾಗೆ ಮಾಡುತ್ತದೆ.

ನನಗೆ ಹೆಚ್ಚು ಭಯ ಇರುವುದು ಬೇರೆ ಕಾರಣಕ್ಕೆ. ಕಾಡಿನ ಮೇಲಿನ ಪ್ರೀತಿಗೆ ಸಾಲ ಮಾಡಿ ಓದಿದವರು, ಆ ಸಾಲ ತೀರಿಸಬೇಕೆಂದೇ ಕಾಡಿನ ಕೆಲಸ ಬಿಟ್ಟು ಬೇರೆ ನೌಕರಿಗೆ ಹೋದದ್ದನ್ನು ನೋಡಿದ್ದೇನೆ. ನಿಮಗೆ ಹಾಗಾಗಬಾರದು.

ಹಾಗಂತ ಓದು ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಕ್ಯಾಮೆರಾ ಟ್ರ್ಯಾಪ್ (ಕಾಡಿನಲ್ಲಿ ಕಟ್ಟಿಟ್ಟ, ಪ್ರಾಣಿ ಹಾದುಹೋದರೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ) ಚಿತ್ರಗಳನ್ನು ವಿಂಗಡಿಸುವವರ ಪಕ್ಕ ಅರ್ಧ ದಿನ ಕೂತಿದ್ದೆ. ಹುಲ್ಲು. ಮತ್ತೆ ಹುಲ್ಲು. ಗಾಳಿಗೆ ಎಲೆ ಅಲ್ಲಾಡಿದರೂ ಕ್ಯಾಮೆರಾ ಕ್ಲಿಕ್ ಆಗುತ್ತದೆ, ಅಂಥ ಖಾಲಿ ಚಿತ್ರಗಳು ಸಾಲುಸಾಲಾಗಿ ಬರುತ್ತಲೇ ಇದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಚಿತ್ರದ ಅಂಚಿನಲ್ಲಿ ಹುಲಿಯ ಪಕ್ಕೆ ಕಾಣಿಸಿತು, ಪಟ್ಟೆ ಮಾತ್ರ, ಮುಖವಿಲ್ಲ. ನನಗೆ ಖುಷಿಯಾಯಿತು. ಪಕ್ಕದಲ್ಲಿದ್ದ ಹುಡುಗಿ ಹಳೆಯ ಚಿತ್ರವೊಂದನ್ನು ತೆರೆದು ಎರಡೂ ಪಟ್ಟೆಗಳನ್ನು ಹೋಲಿಸತೊಡಗಿದಳು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಅದೇ ಹುಲಿ ಎಷ್ಟು ಸಲ, ಎಲ್ಲೆಲ್ಲಿ ಮತ್ತೆ ಸಿಕ್ಕಿತು ಎಂಬುದರಿಂದ, ಕ್ಯಾಮೆರಾಕ್ಕೆ ಒಮ್ಮೆಯೂ ಸಿಗದ ಹುಲಿಗಳು ಇನ್ನೆಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. ಕಾಣದ್ದನ್ನು ಲೆಕ್ಕಕ್ಕೆ ತರುವ ಆ ವಿದ್ಯೆ ಪ್ರೀತಿಯಿಂದಷ್ಟೇ ಬರುವುದಿಲ್ಲ, ಕೂತು ಕಲಿಯಬೇಕು. ಒಳ್ಳೆಯ ಪದವಿ ಕೊಡುವುದು ಇದನ್ನೇ: ಸಂಖ್ಯಾಶಾಸ್ತ್ರ, ನಕ್ಷೆ ಮಾಡುವುದು, ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳುವುದು.

ಇನ್ನು ಗುಡಾಲ್ ವಿಷಯ. ಅವರು 1960ರಲ್ಲಿ ಈಗಿನ ಟಾಂಜಾನಿಯಾದ ಗೊಂಬೆ (Gombe) ಎಂಬ ಕಾಡಿಗೆ ಹೋದಾಗ ಪದವಿ ಇರಲಿಲ್ಲ, ನಿಜ. ಚಿಂಪಾಂಜಿಗಳು ಕಡ್ಡಿ ತೂರಿಸಿ ಗೆದ್ದಲು ಹಿಡಿಯುವುದನ್ನು ಅವರು ಕಂಡದ್ದೂ ಆ ವರ್ಷವೇ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ಅಲ್ವಾ? ಪದವಿ ಇಲ್ಲದವರ ಮಾತಿಗೆ ವಿಜ್ಞಾನಿಗಳು ಬೆಲೆ ಕೊಡುವುದಿಲ್ಲ ಎಂದು ಗೊತ್ತಿದ್ದ ಲೂಯಿ ಲೀಕಿ, ಅವರನ್ನು ಕಾಡಿಗೆ ಕಳಿಸಿದ್ದ ಮಾನವಶಾಸ್ತ್ರಜ್ಞ, ಗುಡಾಲ್‌ರನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಗುಡಾಲ್ ಬಿಎ ಕೂಡ ಇಲ್ಲದೆ ನೇರವಾಗಿ ಪಿಎಚ್‌ಡಿಗೆ ಸೇರಿದರು, ಮುಗಿಸಿದರು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಕ್ರಮ. ಕಾಡು ಮೊದಲು ಬಂತು, ಪದವಿ ಆಮೇಲೆ ಬಂತು, ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ಕೇಳಲು ಸ್ವಂತ ಪ್ರಶ್ನೆಗಳಿದ್ದವು.

ಹಾಗಾಗಿ ನನ್ನ ಸಲಹೆ ಇದು. ಮನೆ ಅಡವಿಡಬೇಡಿ. ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಲು ಆಗುತ್ತದಾ ಅಂತ ವಿಶ್ವವಿದ್ಯಾಲಯಕ್ಕೆ ಕೇಳಿ, ಎಷ್ಟೋ ಕಡೆ ಒಪ್ಪುತ್ತಾರೆ. ಆ ವರ್ಷ ಯಾವುದಾದರೂ ಪ್ರಾಜೆಕ್ಟಿನಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿ, ಸಂಬಳ ಸಣ್ಣದಾದರೂ ಪರವಾಗಿಲ್ಲ, ಸೊನ್ನೆಯಾಗಿರಬಾರದು. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಟಿಪ್ಪಣಿ ಬರೆಯಲು ಪೆನ್ಸಿಲ್ ಇಟ್ಟುಕೊಳ್ಳಿ. ಸಂಜೆ ಹೊತ್ತು ಅಂಕಿಅಂಶಗಳ ಲೆಕ್ಕಕ್ಕೆ 'ಆರ್' (R), ನಕ್ಷೆ ಮಾಡಲು 'ಕ್ಯೂಜಿಐಎಸ್' (QGIS) ಎಂಬ ಸಾಫ್ಟ್‌ವೇರ್‌ಗಳನ್ನು ಕಲಿಯಿರಿ. ಎರಡಕ್ಕೂ ಒಂದು ಪೈಸೆ ಕೊಡಬೇಕಿಲ್ಲ, ಎರಡನ್ನೂ ಈ ಕ್ಷೇತ್ರದಲ್ಲಿ ದಿನಾ ಬಳಸುತ್ತಾರೆ. ಮುಂದಿನ ಸಲ ಅರ್ಜಿ ಹಾಕುವಾಗ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್‌ನಂಥ ಪೂರ್ತಿ ಖರ್ಚು ಕೊಡುವ ಸ್ಕಾಲರ್‌ಶಿಪ್‌ಗಳನ್ನೂ, ಸ್ಟೈಪೆಂಡ್ (ಓದುವಾಗ ಕೊಡುವ ಭತ್ಯೆ) ಇರುವ ಪಿಎಚ್‌ಡಿಗಳನ್ನೂ ಹುಡುಕಿ. ಹೆಸರಿನಲ್ಲಿ 'ಸಂರಕ್ಷಣೆ' ಇರುವ ಕೋರ್ಸೇ ಆಗಬೇಕೆಂದಿಲ್ಲ. ಸಂಖ್ಯಾಶಾಸ್ತ್ರ, ಭೂಗೋಳ, ಕಾನೂನು, ಪಶುವೈದ್ಯ ಓದಿದವರೂ ಇಲ್ಲಿ ಬೇಕು, ಅವರಿಗೆ ಕೆಲಸ ತಪ್ಪಿದರೆ ಬೇರೆ ದಾರಿಯೂ ಇರುತ್ತದೆ.

ಒಂದು ವೇಳೆ ಸಾಲ ಮಾಡಲೇಬೇಕಾಗಿ ಬಂದರೆ, ಫೀಸು ಕಟ್ಟುವ ಮುಂಚೆ ಹಿಂದಿನ ಎರಡು ಮೂರು ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಆ ವಿಭಾಗಕ್ಕೆ ಬರೆದು ಕೇಳಿ. ಆ ಹಳೆಯ ವಿದ್ಯಾರ್ಥಿಗಳಲ್ಲೇ ನಾಲ್ಕು ಜನರಿಗೆ ನೇರವಾಗಿ ಬರೆಯಿರಿ. ಓದಿಗೆ ಎಷ್ಟು ಸಾಲವಾಯಿತು, ಎಷ್ಟು ತೀರಿತು ಎಂದು ಸಂಕೋಚವಿಲ್ಲದೆ ಕೇಳಿ. ಅವರ ಉತ್ತರಗಳನ್ನು ಅಪ್ಪನ ಜೊತೆ ಕೂತು ಓದಿ, ಅಡವಿಡುವುದು ಅವರ ಮನೆ ತಾನೇ. ಆಮೇಲೆ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ