ಮಧ್ಯದ ಮನೆಗೆ ವಾಪಸ್ ಬರಬೇಡಿ

ಪ್ರಶ್ನೆ: ಮೇಡಂ, ಆರು ತಿಂಗಳ ಹಿಂದೆ ಮಡಚಿಡುವ ಡಾನ್ಸ್ ಪ್ಯಾಡ್ ತರಿಸಿಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಸ್ಟೆಪ್‌ಮೇನಿಯಾ ಅನ್ನುವ ಆಟ ಹಾಕಿಕೊಂಡು, ಹಾಡಿಗೆ ತಕ್ಕಂತೆ ಪರದೆಯಲ್ಲಿ ಬರುವ ಬಾಣಗಳನ್ನು ಪ್ಯಾಡ್ ಮೇಲೆ ತುಳಿಯುತ್ತಾ ಆಡುತ್ತೇನೆ. ಲೆವೆಲ್ 5ರ ಹಾಡುಗಳವರೆಗೆ ಸಲೀಸು. ಆಮೇಲೆ ಕಾಲು ತೊಡರುತ್ತದೆ, ಏದುಸಿರು ಬರುತ್ತದೆ. ಕೆಳಗಿನ ಮನೆಯವರು ಬಂದು ‘ಏನಪ್ಪಾ, ದಿನಾ ಭತ್ತ ಕುಟ್ತೀಯಾ?’ ಅಂತ ಕೇಳಿದರು. ಕಾಲಿಡುವುದಕ್ಕೆ ಸರಿಯಾದ ಕ್ರಮ ಅಂತ ಏನಾದರೂ ಇದೆಯಾ? ನನಗೆ 24 ವರ್ಷ.
— ದಾವಣಗೆರೆಯ ಓದುಗ

ಉತ್ತರ: ಇದೆ. ನಿಮ್ಮ ಮೂರೂ ತೊಂದರೆಗೆ ಕಾರಣ ಒಂದೇ ಇರಬೇಕು. ಪ್ರತಿ ಬಾಣ ತುಳಿದ ಮೇಲೂ ನೀವು ಮಧ್ಯದ ಮನೆಗೆ, ಅಂದರೆ ಪ್ಯಾಡ್‌ನ ನಡುವಿನ ಖಾಲಿ ಚೌಕಕ್ಕೆ, ವಾಪಸ್ ಬರುತ್ತಿದ್ದೀರಿ, ಅಲ್ವಾ?

ನಾನೂ ಹಾಗೇ ಆಡುತ್ತಿದ್ದೆ. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಸನ್ನಿವೇಲ್ ಗಾಲ್ಫ್‌ಲ್ಯಾಂಡ್‌ನಲ್ಲಿ ಮೊದಲ ಸಲ ಡಾನ್ಸ್ ಡಾನ್ಸ್ ರೆವಲ್ಯೂಷನ್ ಮಷೀನ್ ಹತ್ತಿದೆ. ಎಲ್ಲರೂ ಡಿಡಿಆರ್ ಅನ್ನುತ್ತಿದ್ದರು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಹೊರತಂದ ಆಟ ಅದು. ಮೈಸೂರಿನಲ್ಲಿ ಹತ್ತು ವರ್ಷ ಭರತನಾಟ್ಯ ಕಲಿತವಳು ನಾನು. ತಾಳ ಕಾಲಲ್ಲೇ ಇತ್ತು. ಆದರೂ ಮಧ್ಯಮ ಹಾಡುಗಳಲ್ಲಿ ಸೋಲುತ್ತಿದ್ದೆ. ಮೂರು ವಾರಕ್ಕೆ ಮಂಡಿಯ ಕೆಳಗಿನ ಮುಂದಿನ ಮೂಳೆ ನೋಯತೊಡಗಿತು. ಪಕ್ಕದ ಪ್ಯಾಡ್‌ನಲ್ಲಿ ಹದಿನಾಲ್ಕರ ಹುಡುಗನೊಬ್ಬ ಆಡುತ್ತಿದ್ದ. ಅವನು ಕಾಲು ಎತ್ತಿದ್ದೇ ಕಾಣುತ್ತಿರಲಿಲ್ಲ. ಒಂದು ದಿನ ಅವನೇ ಕೇಳಿದ: ‘ಪ್ರತಿ ಸಲ ಮಧ್ಯಕ್ಕೆ ಯಾಕೆ ಬರ್ತೀರಿ? ಅಲ್ಲಿ ಏನೂ ಇಲ್ಲವಲ್ಲ.’

ಅವನ ಮಾತು ನಿಜ. ಡಿಡಿಆರ್ ಪ್ಯಾಡ್‌ನಲ್ಲಿ ಎಡ, ಬಲ, ಮೇಲೆ (ಅಂದರೆ ಮುಂದೆ), ಕೆಳಗೆ (ಅಂದರೆ ಹಿಂದೆ) ಅಂತ ನಾಲ್ಕು ಬಾಣಗಳಿವೆ. ಮಧ್ಯದ ಚೌಕಕ್ಕೆ ಯಾವ ಕೆಲಸವೂ ಇಲ್ಲ. ಕುಂಟೆಬಿಲ್ಲೆ ಆಡಿದ ನಮಗೆ ಗೆರೆ ತುಳಿದರೆ ಔಟ್ ಅನ್ನುವ ಭಯ ಒಳಗೇ ಕೂತಿರುತ್ತದೆ. ಹಾಗಾಗಿ ಬಾಣದ ಮೇಲೆ ಸುಮ್ನೆ ನಿಂತರೆ ತಪ್ಪು ಅಂದುಕೊಳ್ಳುತ್ತೇವೆ. ತಪ್ಪಲ್ಲ. ತುಳಿದ ಕಾಲನ್ನು ಅಲ್ಲೇ ಬಿಡಿ. ಅದೇ ಬಾಣ ಮತ್ತೆ ಬಂದಾಗ ಎತ್ತಿ ಇಟ್ಟರೆ ಸಾಕು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 150 ಬೀಟ್‌ನ ಹಾಡು. ಬೀಟಿಗೆ ಎರಡು ಬಾಣ. ಅಂದರೆ ಸೆಕೆಂಡಿಗೆ 5 ಹೆಜ್ಜೆ. ಪ್ರತಿ ಸಲ ಮಧ್ಯಕ್ಕೆ ಬಂದರೆ ಅದು 10 ಆಯಿತು. ಏದುಸಿರು ಬರದೆ ಇನ್ನೇನು?

ಎರಡನೆಯ ಮಾತು: ಕಾಲು ಬದಲಿಸುತ್ತಾ ಆಡಿ. ಎಡ ಆಯಿತಾ, ಮುಂದಿನದು ಬಲಗಾಲು. ಆಮೇಲೆ ಮತ್ತೆ ಎಡ. ಒಂದೇ ಬಾಣ ಮತ್ತೆ ಮತ್ತೆ ಬಂದರೆ ಮಾತ್ರ ಅದೇ ಕಾಲು. ಭರತನಾಟ್ಯದ ಮೊದಲ ತಟ್ಟಡವು, ಅಂದರೆ ಪಾದ ತಟ್ಟುವ ಹೆಜ್ಜೆ, ನೋಡಿದ್ದೀರಾ? ಬಲ, ಎಡ, ಬಲ, ಎಡ. ಎರಡನೆಯದರಲ್ಲಿ ಬಲ ಬಲ, ಎಡ ಎಡ. ನಿಮಗೆ ಸದ್ಯ ಬೇಕಾಗಿರುವುದು ಆ ಮೊದಲನೆಯದು ಮಾತ್ರ. ಒಂದೇ ಕಾಲಿನಲ್ಲಿ ಬೇರೆ ಬೇರೆ ಬಾಣಗಳನ್ನು ಬೆನ್ನು ಬೆನ್ನಿಗೆ ತುಳಿಯುವುದನ್ನು ಆಟಗಾರರು ಡಬಲ್ ಸ್ಟೆಪ್ ಅನ್ನುತ್ತಾರೆ. ನಿಧಾನದ ಹಾಡಲ್ಲಿ ಅದು ನಡೆದುಹೋಗುತ್ತದೆ. ವೇಗ ಹೆಚ್ಚಾದ ಕೂಡಲೇ ಕಾಲು ತೊಡರುವುದು ಅಲ್ಲೇ.

ಯಾವ ಕಾಲಿನಿಂದ ಶುರು ಮಾಡಬೇಕು? ಮುಂದಿನ ಬಾಣವನ್ನು ನೋಡಿ. ಮೊದಲು ‘ಮೇಲೆ’, ಆಮೇಲೆ ‘ಎಡ’ ಇದ್ದರೆ, ಮೇಲಿನದಕ್ಕೆ ಬಲಗಾಲು ಕೊಡಿ. ಆಗ ಎಡಗಾಲು ಎಡಕ್ಕೆ ತಾನೇ ಸಿದ್ಧವಾಗಿರುತ್ತದೆ.

ಹೀಗೆ ಕಾಲು ಬದಲಿಸುತ್ತಾ ಹೋದರೆ ಒಂದು ಕಡೆ ಕಾಲು ಅಡ್ಡ ಹಾಕಲೇಬೇಕಾಗುತ್ತದೆ. ಎಡ, ಕೆಳಗೆ, ಬಲ ಅಂತ ಮೂರು ಬಾಣ ಬರುತ್ತದೆ ಅಂದುಕೊಳ್ಳಿ. ಎಡಕ್ಕೆ ಎಡಗಾಲು, ಕೆಳಗೆ ಬಲಗಾಲು. ಈಗ ಬಲದ ಬಾಣಕ್ಕೆ ಎಡಗಾಲೇ ಹೋಗಬೇಕು, ಬಲಗಾಲಿನ ಮುಂದಿನಿಂದ ದಾಟಿಕೊಂಡು. ಇದು ಕ್ರಾಸ್‌ಓವರ್. ಬರೀ ಕಾಲನ್ನು ಚಾಚಿದರೆ ಬೀಳುತ್ತೀರಿ. ಸೊಂಟವನ್ನೂ ಬಲಕ್ಕೆ ತಿರುಗಿಸಿ. ಕಣ್ಣು ಮಾತ್ರ ಪರದೆಯ ಮೇಲಿರಲಿ. ಹಾಡು ಹಾಕದೆ, ಈ ಮೂರನ್ನೇ ಹೋಗುತ್ತಾ ಬರುತ್ತಾ ದಿನಕ್ಕೆ ಐದು ನಿಮಿಷ ಮಾಡಿ. ನನಗೆ ಇದು ಕೂಡಿ ಬಂದ ದಿನ ಮಷೀನ್ ಇಳಿಯಲು ಮನಸ್ಸೇ ಬರಲಿಲ್ಲ. ಅಷ್ಟು ದಿನ ಬಾಣ ತುಳಿಯುತ್ತಿದ್ದೆ, ಅವತ್ತು ಕುಣಿದೆ.

ಇನ್ನು ಕೆಳಗಿನ ಮನೆಯವರ ವಿಷಯ. ಪ್ಯಾಡ್‌ಗೆ ಜೋರು ಬೇಕಿಲ್ಲ, ಒತ್ತಿದರೆ ಸಾಕು. ಮೈಭಾರ ಬೆರಳ ಬುಡದ ಮೇಲಿರಲಿ, ಮಂಡಿ ಸ್ವಲ್ಪ ಸಡಿಲವಾಗಿರಲಿ. ಹಿಮ್ಮಡಿಯನ್ನು ನೆಲದಿಂದ ಜಾಸ್ತಿ ಎತ್ತಬೇಡಿ, ಕುಟ್ಟಲೂ ಬೇಡಿ. ಬಾಣದ ನಡುವಿಗೆ ಕಾಲಿಡುವುದೂ ಬೇಡ. ಅದರ ಒಳಗಿನ ಅಂಚು, ಅಂದರೆ ಮಧ್ಯದ ಚೌಕಕ್ಕೆ ತಾಗಿದ ಕಡೆ, ಬೆರಳ ಬುಡ ಮುಟ್ಟಿದರೆ ಆಯಿತು. ಹೆಜ್ಜೆ ಚಿಕ್ಕದಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ. ನಯವಾದ ಟೈಲ್ಸ್ ಮೇಲೆ ಪ್ಯಾಡ್ ಜಾರುತ್ತದೆ, ಅಡಿಗೆ ರಬ್ಬರ್ ಯೋಗ ಮ್ಯಾಟ್ ಹಾಸಿ. ರಾತ್ರಿ ಎಂಟರ ಮೇಲೆ ಆಡಬೇಡಿ. ಒಮ್ಮೆ ನೀವೇ ಕೆಳಗೆ ಹೋಗಿ ಮಾತಾಡಿಸಿ ಬನ್ನಿ.

ಸೆಟ್ಟಿಂಗ್ಸ್‌ನಲ್ಲಿ ಎರಡು ಕೆಲಸ ಇವತ್ತೇ ಮಾಡಿ. ಮೊದಲನೆಯದು ಬಾಣ ಓಡುವ ವೇಗ. ಹೊಸಬರು ಅದನ್ನು ಮುಟ್ಟುವುದಿಲ್ಲ, ಹೆಚ್ಚಿಸಿದರೆ ಕಷ್ಟ ಅಂದುಕೊಳ್ಳುತ್ತಾರೆ. ನಿಜಕ್ಕೂ ಸುಲಭವಾಗುತ್ತದೆ. ಬಾಣಗಳ ನಡುವೆ ಜಾಗ ಬಂದು, ಯಾವುದು ಮೊದಲು ಅಂತ ಓದಲು ಬರುತ್ತದೆ. 150 ಬೀಟ್‌ನ ಹಾಡಿಗೆ 2 ಪಟ್ಟು ಇಟ್ಟು ನೋಡಿ. ಎರಡನೆಯದು, ಫೇಲ್ ಆಗುವುದನ್ನು ಆಫ್ ಮಾಡಿ. ಆಮೇಲೆ ಲೆವೆಲ್ 3ಕ್ಕೆ ಇಳಿಯಿರಿ. ಎರಡು ವಾರ ಅಲ್ಲೇ ಇರಿ. ಅಂಕ ನೋಡಬೇಡಿ. ಕಾಲು ಬದಲಾಯಿತಾ, ಮಧ್ಯಕ್ಕೆ ಬಂದೆನಾ, ಇಷ್ಟೇ ನೋಡಿಕೊಳ್ಳಿ. ಕೆಳಗೆ ಇಳಿಯುವುದು ಬೇಸರದ ಕೆಲಸ, ಗೊತ್ತು. ಆದರೆ ಲೆವೆಲ್ 6ರಲ್ಲಿ ತಪ್ಪು ಅಭ್ಯಾಸ ಬಿಡಿಸುವುದು ಇನ್ನೂ ಕಷ್ಟ.

ಮೂಳೆ ನೋವು ಬಂದರೆ ಆಟ ನಿಲ್ಲಿಸಿ. ನಾನು ಹಟ ಹಿಡಿದು ಆಡಿ, ಎರಡು ತಿಂಗಳು ಮೆಟ್ಟಿಲು ಹತ್ತಲು ಕಷ್ಟಪಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ನಾಲ್ಕು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಈಗ ಡಾನ್ಸ್ ಪ್ಯಾಡ್ ಬೇಕು ಅಂತ ಹಟ. ಇದರಿಂದ ಅವಳ ಅಡವು, ಅಂದರೆ ನಾಟ್ಯದ ಮೂಲ ಹೆಜ್ಜೆಗಳು, ಕೆಡುವುದಿಲ್ಲವೇ?
— ಹುಬ್ಬಳ್ಳಿಯ ತಾಯಿ

ಉತ್ತರ: ಕೊಡಿಸಿ ಅಮ್ಮ. ಎರಡನ್ನೂ ಬೇರೆ ಬೇರೆ ಅಂತ ತಿಳಿದುಕೊಂಡರೆ ಯಾವುದೂ ಕೆಡುವುದಿಲ್ಲ. ಅಡವಿನಲ್ಲಿ ಅರೆಮಂಡಿ, ಪೂರ್ತಿ ಪಾದದ ತಟ್ಟು. ಪ್ಯಾಡ್ ಮೇಲೆ ನೆಟ್ಟಗೆ ನಿಂತು ಹಗುರ ಹೆಜ್ಜೆ. ಇದನ್ನು ಮೊದಲ ದಿನವೇ ಹೇಳಿಬಿಡಿ. ಕ್ಲಾಸಿನ ಅಭ್ಯಾಸ ಮುಗಿದ ತಕ್ಷಣ ಪ್ಯಾಡ್ ಹತ್ತುವುದು ಬೇಡ, ಕಾಲಿಗೆ ವಿಶ್ರಾಂತಿ ಬೇಕು.

ಅವಳಿಗೆ ಒಂದು ವರ ಆಗಲೇ ಸಿಕ್ಕಿದೆ, ಅದು ಲಯ. ಡಿಡಿಆರ್‌ನಲ್ಲಿ ಬಾಣಗಳಿಗೆ ‘ನೋಟ್’ ಬಣ್ಣ ಹಾಕಿದರೆ ಬೀಟ್ ಮೇಲಿನದು ಕೆಂಪು, ಅರ್ಧ ಬೀಟಿನದು ನೀಲಿ, ಕಾಲು ಬೀಟಿನದು ಹಳದಿ. ಕೆಂಪು, ಹಳದಿ, ನೀಲಿ, ಹಳದಿ ಸಾಲಾಗಿ ಬಂದರೆ ಅದು ನಾಲ್ಕೆಣಿಕೆಯ ತಕದಿಮಿ. ಬಾಯಲ್ಲಿ ಹೇಳುತ್ತಾ ತುಳಿಯಲಿ. ತಕದಿಮಿಯಲ್ಲಿ ಪ್ರತಿ ‘ತ’ಕ್ಕೂ ಅದೇ ಕಾಲು ಬರುತ್ತದೆ. ಮೂರೆಣಿಕೆಯ ತಕಿಟ ಬಂದಾಗ ‘ತ’ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಬೀಳುತ್ತದೆ. ದೊಡ್ಡ ಆಟಗಾರರೂ ತಡವರಿಸುವ ಜಾಗ ಅದು. ಈ ಮೂರೆಣಿಕೆಯ ತಿಶ್ರ ನಡೆ ಕಲಿತ ಹುಡುಗಿ ಅಲ್ಲಿ ಹೆದರುವುದಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಕೊರಿಯಾದಲ್ಲಿದ್ದೇನೆ. ಇಲ್ಲಿ ಪಂಪ್ ಇಟ್ ಅಪ್ ಅನ್ನುವ, ಡಿಡಿಆರ್ ತರಹದ ಆಟದ ಮಷೀನ್‌ಗಳಿವೆ. ಮೊದಲು ನಾಲ್ಕು ಬಾಣದ ಆಟ ಆಡುತ್ತಿದ್ದೆ, ಇಲ್ಲಿ ಎಲ್ಲಾ ಗೊಂದಲ. ಆಡುವಾಗ ಬೆನ್ನ ಹಿಂದಿರುವ ಕಂಬಿ ಹಿಡಿದುಕೊಳ್ಳಬಹುದಾ?
— ತುಮಕೂರಿನವರು, ಸದ್ಯ ಸುವಾನ್

ಉತ್ತರ: ಕಂಬಿ ಹಿಡಿಯುವುದು ಮೋಸ ಅಲ್ಲ. ಕಷ್ಟದ ಹಾಡುಗಳನ್ನು ಒಳ್ಳೆಯವರೂ ಹಿಡಿದೇ ಆಡುತ್ತಾರೆ. ಆದರೆ ಮೊದಲ ಕೆಲವು ತಿಂಗಳು ಬಿಟ್ಟೇ ಆಡಿ. ಹಿಡಿದರೆ ಭಾರವೆಲ್ಲ ಕೈಗೆ ಹೋಗುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸುವುದನ್ನು ಮೈ ಕಲಿಯುವುದಿಲ್ಲ.

ಪಂಪ್‌ನಲ್ಲಿ ಬಾಣಗಳು ನಾಲ್ಕು ಮೂಲೆಗಿವೆ, ಐದನೆಯದು ಮಧ್ಯದಲ್ಲಿದೆ. ಮೇಲೆ ದಾವಣಗೆರೆಯವರಿಗೆ ಮಧ್ಯವನ್ನು ಮರೆಯಿರಿ ಅಂದೆ. ನಿಮಗೆ ಹಾಗಲ್ಲ. ಅಲ್ಲಿ ಮಧ್ಯವೂ ಒಂದು ಬಾಣ, ಯಾವ ಕಾಲಿಗೆ ಸರದಿಯೋ ಆ ಕಾಲು ಅದನ್ನು ತುಳಿಯಬೇಕು. ಹಾಡು ಶುರುವಾಗುವ ಮೊದಲು ಕೆಳಗಿನ ಎರಡು ಮೂಲೆಗಳಲ್ಲಿ ಒಂದೊಂದು ಕಾಲಿಟ್ಟು ನಿಂತುಕೊಳ್ಳಿ. ಎಡ ಮೂಲೆ, ಮಧ್ಯ, ಬಲ ಮೂಲೆ ಅಂತ ಬಂದರೆ ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಸೊಂಟ ತಿರುಗಿಸಲೇಬೇಕು. ಒಂದು ವಾರ ಇದೊಂದನ್ನೇ ಮಾಡಿ, ಮತ್ತೆ ಬರೆಯಿರಿ.