ಆ ಗೆರೆಗಳು ಯಾಕೆ ನಡುಗುತ್ತವೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಮೆಚ್ಚಿ ಬರೆದ ‘ಟೇಕ್ ಆನ್ ಮಿ’ ಹಾಡಿನ ವಿಡಿಯೋ ನೋಡಿದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಅಷ್ಟೊಂದು ಕಷ್ಟಪಟ್ಟು ಚಿತ್ರ ಬರೆದವರು ಗೆರೆಗಳನ್ನು ಒಂದು ಕಡೆ ನಿಲ್ಲಿಸಬಾರದಿತ್ತೆ? ಎಲ್ಲವೂ ಸದಾ ನಡುಗುತ್ತಿರುತ್ತವೆ. ಇನ್ನು ನನ್ನ ಮಗ ಒಂದು ಪಟ್ಟಿಯನ್ನೇ ಕೊಟ್ಟ: ವ್ರೆಂಚ್ ಅಂದರೆ ಸಮಾಜ, ಕಪ್ಪು ಬಿಳುಪು ಅಂದರೆ ವಿರಹ, ಕಾಮಿಕ್ಸ್ ಅಂದರೆ ಕನಸು. ಇದು ಸರಿಯೆ? ಪ್ರೀತಿಯ ಕಥೆಯ ಕೊನೆಯಲ್ಲಿ ಹುಡುಗ ಗೋಡೆಗೆ ಅಷ್ಟು ಜೋರಾಗಿ ಹೊಡೆದುಕೊಳ್ಳುವುದು ಯಾಕೆ? ಇದನ್ನು ನನ್ನ ಮಕ್ಕಳಿಗೆ ತೋರಿಸಬಹುದೆ?
– ಓದುಗರೊಬ್ಬರು, ಹಾಸನ

ನಮಸ್ಕಾರ ಮೇಡಂ,

ದಿನಾ ಪೆನ್ಸಿಲ್ ಹಿಡಿಯುವವರು ಕೇಳಿದ ಪ್ರಶ್ನೆ ಇದು. ನಾಲ್ಕು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ವಿಡಿಯೋ ನೋಡದವರೂ ಇದನ್ನು ಓದುತ್ತಾರೆ, ಹಾಗಾಗಿ ಮೊದಲು ಕಥೆ ಹೇಳಿಬಿಡುತ್ತೇನೆ.

ಈ ಹಾಡು ಆ-ಹಾ ಎಂಬ ನಾರ್ವೆಯ ಮೂವರ ಪಾಪ್ ತಂಡದ್ದು. ಮಾರ್ಟೆನ್ ಹಾರ್ಕೆಟ್ ಅದರ ಗಾಯಕ. 1985ರ ಈ ವಿಡಿಯೋವನ್ನು ನಿರ್ದೇಶಿಸಿದವರು ಸ್ಟೀವ್ ಬ್ಯಾರನ್. ಲಂಡನ್ನಿನ ಒಂದು ಸಾದಾ ಕೆಫೆಯಲ್ಲಿ ಹುಡುಗಿಯೊಬ್ಬಳು ಒಬ್ಬಳೇ ಕೂತು ಕಾಮಿಕ್ಸ್ ಓದುತ್ತಿದ್ದಾಳೆ. ಕಾಮಿಕ್ಸಿನಲ್ಲಿ ಸೈಡ್‌ಕಾರ್ ಬೈಕುಗಳ ರೇಸ್. ಅದರಲ್ಲಿ ಗೆದ್ದ ಹುಡುಗ ಪುಟದೊಳಗಿನಿಂದಲೇ ಅವಳಿಗೆ ಕಣ್ಣು ಹೊಡೆಯುತ್ತಾನೆ. ಪೆನ್ಸಿಲ್ ಗೆರೆಗಳ ಕೈಯೊಂದು ಪುಟದಿಂದ ಮೇಲೆದ್ದು ಬಾ ಎನ್ನುತ್ತದೆ. ಅವಳು ಆ ಕೈ ಹಿಡಿದು ಒಳಗೆ ಹೋಗುತ್ತಾಳೆ, ತಾನೂ ಗೆರೆಯಾಗುತ್ತಾಳೆ. ಇತ್ತ ಕೆಫೆಯವಳು ಬಂದು ನೋಡಿದರೆ ಕುರ್ಚಿ ಖಾಲಿ. ದುಡ್ಡು ಕೊಡದೆ ಹೋದಳಲ್ಲ ಎಂಬ ಸಿಟ್ಟಿಗೆ ಕಾಮಿಕ್ಸನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಒಳಗೆ ರೇಸಿನ ಎದುರಾಳಿಗಳು ಪೈಪ್ ತಿರುಗಿಸುವ ದೊಡ್ಡ ವ್ರೆಂಚ್ ಹಿಡಿದು ಇವರಿಬ್ಬರನ್ನು ಅಟ್ಟಿಸಿಕೊಂಡು ಬರುತ್ತಾರೆ. ದಾರಿ ಮುಗಿದು ಸಿಕ್ಕಿಬಿದ್ದಾಗ ಹುಡುಗ ಕಾಗದದ ಗೋಡೆ ಹರಿದು ಅವಳನ್ನು ಹೊರಗೆ ಕಳಿಸುತ್ತಾನೆ. ತಾನು ಒಳಗೇ ಉಳಿಯುತ್ತಾನೆ.

ಈಗ ನಿಮ್ಮ ನಡುಗುವ ಗೆರೆಗೆ ಬರೋಣ. ಈ ಪೆನ್ಸಿಲ್ ಕೆಲಸ ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಅವರದು. ಸುಮಾರು 3000 ಚಿತ್ರಗಳು, 16 ವಾರಗಳ ದುಡಿಮೆ. ಮೊದಲು ನಟರನ್ನಿಟ್ಟು ಮಾಮೂಲಿ ಸಿನಿಮಾದ ಹಾಗೆ ಶೂಟಿಂಗ್ ಮಾಡುತ್ತಾರೆ. ಆಮೇಲೆ ಆ ಫಿಲ್ಮಿನ ಫ್ರೇಮುಗಳನ್ನು ಒಂದೊಂದಾಗಿ ಕಾಗದದ ಮೇಲೆ ಬೀಳಿಸಿ ಪೆನ್ಸಿಲಿನಿಂದ ಎತ್ತಿಕೊಳ್ಳುತ್ತಾರೆ. ಇದಕ್ಕೆ ರೋಟೋಸ್ಕೋಪಿಂಗ್ ಎನ್ನುತ್ತಾರೆ. ವಿಧಾನ ಹಳೆಯದು. ಅಮೆರಿಕದ ಮ್ಯಾಕ್ಸ್ ಫ್ಲೈಶರ್ 1917ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ತಮ್ಮ ಡೇವ್‌ಗೆ ಕೋಡಂಗಿ ವೇಷ ಹಾಕಿಸಿ, ಅವನ ಕುಣಿತವನ್ನು ಚಿತ್ರಕ್ಕೆ ಇಳಿಸಿದ್ದ.

ನಿಮ್ಮ ಕ್ಲಾಸಿನಲ್ಲಿ ಒಂದೇ ಫೋಟೋವನ್ನು ಒಬ್ಬನೇ ಹುಡುಗ ಎರಡು ಸಲ ಟ್ರೇಸ್ ಮಾಡಿದರೂ ಎರಡು ಚಿತ್ರ ಒಂದೇ ಥರ ಬರುವುದಿಲ್ಲ, ಅಲ್ವಾ? ಮೂಗಿನ ಗೆರೆ ಕೂದಲೆಳೆಯಷ್ಟು ಆಚೆ ಹೋಗಿರುತ್ತದೆ. ಶೇಡಿಂಗ್ ಒಂದರಲ್ಲಿ ಒತ್ತಾಗಿ, ಇನ್ನೊಂದರಲ್ಲಿ ತೆಳುವಾಗಿರುತ್ತದೆ. ಅಂಥ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ಓಡಿಸಿದಾಗ ಗೆರೆ ಕುದಿಯುವ ಹಾಗೆ ಕಾಣುತ್ತದೆ. ಅದನ್ನು ತಿದ್ದಿ ನಯ ಮಾಡುವ ದಾರಿಗಳಿವೆ. ಹೊರಗೆರೆಯನ್ನು ಚೊಕ್ಕ ಮಾಡಿ, ಶೇಡಿಂಗ್ ತೆಗೆದು, ಒಂದೇ ಬಣ್ಣ ತುಂಬಿದರೆ ನಡುಕ ಎಷ್ಟೋ ಕಮ್ಮಿಯಾಗುತ್ತದೆ. ಇಲ್ಲಿ ಹಾಗೆ ಮಾಡಿಲ್ಲ. ಪ್ಯಾಟರ್ಸನ್ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಕಮ್ಯೂಟರ್’ ಎಂಬ ಪುಟ್ಟ ಸಿನಿಮಾದಲ್ಲೂ ಇದೇ ಒರಟು ಪೆನ್ಸಿಲ್ ಕೈ ಇತ್ತು. ಅದನ್ನು ನೋಡಿ ಇಷ್ಟಪಟ್ಟೇ ಈ ಕೆಲಸಕ್ಕೆ ಅವರನ್ನು ಕರೆದದ್ದು. ನಡುಕ ಬೇಕಿತ್ತು, ಅದಕ್ಕೇ ಉಳಿಸಿಕೊಂಡರು.

ಯಾಕೆ ಬೇಕಿತ್ತು? ಹುಡುಗನ ಕೆನ್ನೆಯನ್ನಷ್ಟೇ ಸ್ವಲ್ಪ ಹೊತ್ತು ನೋಡಿ. ಅಲ್ಲಿನ ನೆರಳಿನ ಗೀಟುಗಳು ಅಳಿಸಿ ಹೋಗುತ್ತವೆ, ಮತ್ತೆ ಹುಟ್ಟುತ್ತವೆ, ಮತ್ತೆ ಹೋಗುತ್ತವೆ. ಅವನು ನಗುತ್ತಾ ಸುಮ್ನೆ ನಿಂತಿದ್ದಾಗಲೂ ಅವನ ಮುಖ ನಿಂತಿರುವುದಿಲ್ಲ. ಯಾವ ಗಳಿಗೆಯಲ್ಲಾದರೂ ಇಲ್ಲವಾಗಬಹುದಾದವನು ಅವನು. ಹಾಡಿನ ಪಲ್ಲವಿಯಲ್ಲಿ ಅವನು ಹೇಳುವುದೂ ಅದನ್ನೇ: ನನ್ನನ್ನು ಒಪ್ಪಿಕೋ, ಒಂದೆರಡು ದಿನದಲ್ಲಿ ನಾನು ಇರುವುದಿಲ್ಲ. ಹಾಡಿನಲ್ಲಿ ಕಾಮಿಕ್ಸ್ ಇಲ್ಲ, ಕೆಫೆ ಇಲ್ಲ, ರೇಸ್ ಇಲ್ಲ. ಆದರೆ ಆ ಒಂದು ಸಾಲಿನ ಭಯವನ್ನು ಪೆನ್ಸಿಲ್ ತನ್ನ ಮೈಮೇಲೆ ಹೊತ್ತಿದೆ. ಗೆರೆ ಗಟ್ಟಿಯಾಗಿ ನಿಂತಿದ್ದರೆ ಅವನು ಚೆಂದದ ಹುಡುಗನ ಒಂದು ಚಿತ್ರವಾಗಿರುತ್ತಿದ್ದ. ಅವನಿಗಾಗಿ ನಾವು ಹೆದರುತ್ತಿರಲಿಲ್ಲ.

ನಿಮ್ಮ ಮಗನ ಪಟ್ಟಿಯ ಬಗ್ಗೆ. ಅಷ್ಟು ಗಮನವಿಟ್ಟು ನೋಡಿದ್ದಾನೆ, ಅದು ಖುಷಿಯ ಮಾತು. ಆದರೆ ಇದು ಅದು, ಅದು ಇದು ಎಂದು ಲೆಕ್ಕ ಹಾಕಿಬಿಟ್ಟರೆ ಕಣ್ಣು ಅಲ್ಲಿಗೆ ನೋಡುವುದನ್ನು ನಿಲ್ಲಿಸುತ್ತದೆ. ವ್ರೆಂಚ್ ಅಂದರೆ ಸಮಾಜ ಎಂದರೆ ಮುಗಿಯಿತು. ಅದು ಏನನ್ನು ಒಡೆಯಿತು ಎಂದು ಮತ್ತೆ ಯಾರೂ ಕೇಳುವುದಿಲ್ಲ. ಕೇಳೋಣ.

ಕಾಮಿಕ್ಸಿನ ಒಳಗೆ ಹುಡುಗ ಅವಳಿಗೆ ಕಿಟಕಿಯಂಥ ಒಂದು ಚೌಕಟ್ಟು ತೋರಿಸುತ್ತಾನೆ. ಅದರ ಒಂದು ಬದಿಯಿಂದ ನೋಡಿದರೆ ಎದುರಿಗಿರುವವರು ಪೆನ್ಸಿಲ್ ಚಿತ್ರ, ಇನ್ನೊಂದು ಬದಿಯಿಂದ ನೋಡಿದರೆ ಬಣ್ಣವಿರುವ, ಚರ್ಮವಿರುವ ಮನುಷ್ಯರು. ಇಬ್ಬರೂ ಅದರ ಸುತ್ತ ಸುತ್ತುತ್ತಾರೆ, ಒಬ್ಬರನ್ನೊಬ್ಬರು ನೋಡುತ್ತಾರೆ. ಹುಡುಗ ನಿಜವಾಗಿ ಹೇಗಿದ್ದಾನೆ ಎಂದು ಅವಳಿಗೆ, ಅವಳ ಜೊತೆಗೆ ನಮಗೂ, ಕಾಣುವುದು ಇಲ್ಲಿ. ಇಡೀ ವಿಡಿಯೋದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮುತ್ತಿಲ್ಲ, ಅಪ್ಪುಗೆಯಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಸರಿಯಾಗಿ ನೋಡುವುದಕ್ಕೆ ಜಾಗ ಹುಡುಕುತ್ತಿದ್ದಾರೆ, ಅಷ್ಟೇ. ವ್ರೆಂಚ್ ಬಂದು ಒಡೆಯುವುದು ಆ ಚೌಕಟ್ಟಿನ ಗಾಜನ್ನು. ಅಲ್ಲಿಂದಾಚೆ ಅವನಿಗೆ ಅವಳು ಗೆರೆ, ಅವಳಿಗೆ ಅವನು ಗೆರೆ. ಅವಳು ವಾಪಸ್ ಹೋಗುವ ದಾರಿಯೂ ಮುಚ್ಚಿತು. ಈ ಕೆಲಸಕ್ಕೆ ಬೇಕಾದರೆ ಸಮಾಜ ಎಂದು ಹೆಸರಿಡಲಿ, ನನ್ನ ತಕರಾರಿಲ್ಲ. ಮೊದಲು ಕೆಲಸ ಕಾಣಬೇಕು, ಹೆಸರು ಆಮೇಲೆ.

ಪಟ್ಟಿಯಲ್ಲಿ ಕೆಫೆಯವಳು ಬಿಟ್ಟುಹೋಗಿದ್ದಾಳೆ, ನೋಡಿ. ಖಳರಿಗಿಂತ ಅವಳೇ ನನ್ನನ್ನು ಜಾಸ್ತಿ ಕಾಡುತ್ತಾಳೆ. ಅವಳ ತಪ್ಪೇನೂ ಇಲ್ಲ. ಗಿರಾಕಿ ಬಿಲ್ ಕೊಡದೆ ಮಾಯವಾದರೆ ಯಾರಿಗೂ ಸಿಟ್ಟು ಬರುತ್ತದೆ. ಅವಳ ಕೈಯಲ್ಲಿರುವುದು ಅವಳ ಪಾಲಿಗೆ ಬರೀ ಕಾಗದ. ಅದರೊಳಗೆ ಇಬ್ಬರ ಜೀವ ಇದೆ ಎಂದು ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಪ್ರೀತಿಯ ಕಥೆಗಳಲ್ಲಿ ಅಡ್ಡಿಯಾಗುವವರು ಹೆಚ್ಚಾಗಿ ಬೇಕೆಂದೇ ಅಡ್ಡಿ ಮಾಡುತ್ತಾರೆ. ಇಲ್ಲಿ ಒಂದು ಲೋಟ ಕಾಫಿಯ ಲೆಕ್ಕ ಸಾಕಾಯಿತು.

ಕಾಗದದ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಇವರಿಬ್ಬರ ನಡುವೆ ನಡೆಯುವುದೆಲ್ಲ ಕಾಗದಕ್ಕೆ ಮಾಡುವ ಕೆಲಸಗಳಲ್ಲೇ ನಡೆಯುತ್ತದೆ. ಅವಳನ್ನು ಉಳಿಸಲು ಅವನು ಕಾಗದ ಹರಿಯುತ್ತಾನೆ. ತಾನಿರುವ ಜಗತ್ತನ್ನೇ ತೂತು ಮಾಡುತ್ತಾನೆ. ಅವಳು ಕೆಫೆಯ ನೆಲದ ಮೇಲೆ ಕಸದ ಬುಟ್ಟಿ ಪಕ್ಕ ಬಿದ್ದಿರುತ್ತಾಳೆ. ಜನ ಬೆರಗಾಗಿ ನೋಡುತ್ತಿರುವಾಗಲೇ ಆ ಮುದ್ದೆಯಾದ ಕಾಮಿಕ್ಸನ್ನು ಎತ್ತಿಕೊಂಡು ಮನೆಗೆ ಓಡುತ್ತಾಳೆ. ಮನೆಯಲ್ಲಿ ಅವಳು ಮಾಡುವ ಮೊದಲ ಕೆಲಸ, ಸುಕ್ಕು ಬಿಡಿಸುವುದು. ಅಂಗೈಯಿಂದ ಪುಟವನ್ನು ಸವರುತ್ತಾಳೆ. ಅವನು ಹರಿದಿದ್ದು ಅವಳಿಗಾಗಿ, ಅವಳು ಸವರುವುದು ಅವನಿಗಾಗಿ. ಒಂದೂ ಮಾತಿಲ್ಲದೆ ಇದು ನಮಗೆ ತಿಳಿಯುತ್ತದೆ. ಕಥೆ ಕಾಗದದ ಬಗ್ಗೆ ಇದೆ, ಮಾಡಿರುವುದೂ ಕಾಗದದಲ್ಲೇ. ಸಂಕೇತವನ್ನು ಬೇರೆ ಎಲ್ಲಿಂದಲೋ ತಂದು ಅಂಟಿಸಿಲ್ಲ.

ಈಗ ಗೋಡೆ. ಕಾಮಿಕ್ಸಿನ ಕೊನೆಯ ಚೌಕದಲ್ಲಿ ಅವನು ಸತ್ತವನಂತೆ ಬಿದ್ದಿದ್ದಾನೆ. ಅವಳು ಅಳುತ್ತಾಳೆ. ಆಗ ಅವನು ಎದ್ದು ಚೌಕದ ಗೆರೆಗಳಿಗೆ ಮೈ ಅಪ್ಪಳಿಸಲು ಶುರು ಮಾಡುತ್ತಾನೆ. ಅದೇ ಹೊತ್ತಿಗೆ ಅವಳ ಮನೆಯ ಪಡಸಾಲೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಎಡಗೋಡೆಗೆ ಒಂದು ಏಟು, ಬಲಗೋಡೆಗೆ ಒಂದು ಏಟು. ಒಮ್ಮೆ ಗೆರೆ, ಒಮ್ಮೆ ಮನುಷ್ಯ, ಮತ್ತೆ ಗೆರೆ. ಇದರ ಮೂಲ 1980ರ ‘ಆಲ್ಟರ್ಡ್ ಸ್ಟೇಟ್ಸ್’ ಸಿನಿಮಾದ ಕೊನೆಯ ದೃಶ್ಯ. ಅಲ್ಲೂ ಒಬ್ಬ ಹೀಗೇ ಗೋಡೆಗೆ ಬಡಿದುಕೊಳ್ಳುತ್ತಾ ಮನುಷ್ಯ ರೂಪಕ್ಕೆ ಮರಳುತ್ತಾನೆ.

ನಿಮಗೆ ಅದು ಒರಟು ಅನ್ನಿಸಿದ್ದು ಸರಿಯೇ. ಒರಟಾಗಿಯೇ ಇರಬೇಕಿತ್ತು. ಅವಳು ಒಳಗೆ ಹೋದಾಗ ಕಷ್ಟವೇನಿತ್ತು? ಕೈ ಕೊಟ್ಟಳು, ಹೋದಳು. ಕನಸಿನೊಳಗೆ ಹೋಗುವುದು ಅಷ್ಟು ಸಲೀಸು. ಅವನು ಹೊರಗೆ ಬರುವುದು ಹಾಗಲ್ಲ. ಚಿತ್ರಕ್ಕೆ ನೋವಾಗುವುದಿಲ್ಲ, ಮೈಗೆ ಆಗುತ್ತದೆ. ಅವಳ ಮನೆಗೆ ಬರಬೇಕಾದರೆ ಅವನಿಗೆ ನೋವಾಗುವ ಮೈ ಬೇಕು. ಒಂದೊಂದು ಏಟಿಗೂ ಅವನು ಅದನ್ನು ಸಂಪಾದಿಸುತ್ತಿದ್ದಾನೆ. ಕೊನೆಗೆ ನಿಂತಾಗ ಅವನ ಮುಖ ನಡುಗುವುದಿಲ್ಲ, ಗಮನಿಸಿದಿರಾ? ನಿಮ್ಮ ಮೊದಲ ಪ್ರಶ್ನೆಗೂ ಕೊನೆಯ ಪ್ರಶ್ನೆಗೂ ಉತ್ತರ ಅಲ್ಲಿ ಒಂದೇ.

ಈ ಹಾಡಿನ ಬೇರೊಂದು ರೂಪ 1984ರಲ್ಲೇ ಬಂದಿತ್ತು. ಅದರ ವಿಡಿಯೋದಲ್ಲಿ ತಂಡ ಸುಮ್ಮನೆ ಹಾಡುತ್ತದೆ, ಅಷ್ಟೇ. ಅದು ಓಡಲಿಲ್ಲ. ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿ, ಈ ವಿಡಿಯೋ ಮಾಡಿದ ಮೇಲೆ 1985ರ ಅಕ್ಟೋಬರಿನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಎಂಟಿವಿ ಎಂಬ ಅಮೆರಿಕದ ಸಂಗೀತ ಚಾನೆಲ್ 1986ರಲ್ಲಿ ಕೊಟ್ಟ ವಿಡಿಯೋ ಪ್ರಶಸ್ತಿಗಳಲ್ಲಿ ಆರು ಇದಕ್ಕೇ ಬಂದವು.

ನೀವು ಅಷ್ಟಕ್ಕೇ ನಿಲ್ಲಿಸಬೇಡಿ. ಇದೇ ತಂಡದ ‘ದ ಸನ್ ಆಲ್ವೇಸ್ ಶೈನ್ಸ್ ಆನ್ ಟಿವಿ’ ವಿಡಿಯೋದ ಮೊದಲ ನಿಮಿಷ ನೋಡಿ. ಅದನ್ನೂ ಬ್ಯಾರನ್ ಅವರೇ ಮಾಡಿದ್ದು. ಕಾಡಿನಲ್ಲಿ ಇಬ್ಬರೂ ನಿಂತಿದ್ದಾರೆ. ಹುಡುಗನ ಮುಖದ ಮೇಲೆ ಪೆನ್ಸಿಲ್ ಗೆರೆಗಳು ವಾಪಸ್ ಬರುತ್ತವೆ. ಅವನು ಅವಳನ್ನು ಬಿಟ್ಟು ಓಡಿಹೋಗುತ್ತಾನೆ, ಅವಳು ಒಬ್ಬಳೇ ಉಳಿಯುತ್ತಾಳೆ. ಮೊದಲ ವಿಡಿಯೋದ ಸುಖಾಂತ್ಯವನ್ನು ಇದು ಹಾಳು ಮಾಡಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೆರಡು ದಿನದಲ್ಲಿ ಇರುವುದಿಲ್ಲ ಎಂದವನು ಮಾತಿನಂತೆ ಹೋದ. ಎರಡನ್ನೂ ಒಟ್ಟಿಗೆ ನೋಡಿದರೇ ಕಥೆ ಪೂರ್ತಿ.

ಮಕ್ಕಳಿಗೆ ಖಂಡಿತ ತೋರಿಸಿ. ಒಂದು ಸಲ ಹಾಡಿನ ಜೊತೆ, ಇನ್ನೊಂದು ಸಲ ಸೌಂಡ್ ಪೂರ್ತಿ ನಿಲ್ಲಿಸಿ. ಆಮೇಲೆ ಒಂದೇ ಮುಖದ ಫೋಟೋ ಕೊಟ್ಟು, ಪ್ರತಿಯೊಬ್ಬರೂ ಬಟರ್ ಪೇಪರಿನ ಮೇಲೆ ಒಂದೊಂದು ಸಲ ಟ್ರೇಸ್ ಮಾಡಲಿ. ರಬ್ಬರ್ ಮುಟ್ಟುವಂತಿಲ್ಲ. ಎಲ್ಲ ಹಾಳೆಗಳನ್ನೂ ಜೋಡಿಸಿ ಒಂದು ಬದಿ ಕ್ಲಿಪ್ ಹಾಕಿ, ಹೆಬ್ಬೆರಳಿನಿಂದ ಸರಸರ ಬಿಡಿ. ಮುಖ ಅಲುಗಾಡುತ್ತದೆ. ಆ ಹಾಳೆಗಳನ್ನು ನಮಗೂ ಕಳಿಸಿಕೊಡಿ, ಒಳಪುಟದಲ್ಲಿ ಜಾಗ ಮಾಡುತ್ತೇವೆ.

– ಸಂಪಾದಕ