ಎರಡನೇ ಲೈಟ್ ಯಾಕೆ ಹತ್ತುತ್ತಿಲ್ಲ?

ಪ್ರಶ್ನೆ: ನಮ್ಮದು ಹನುಮಂತನಗರದ ಹವ್ಯಾಸಿ ನಾಟಕ ತಂಡ. ಎಂಟು ಎಲ್‌ಇಡಿ ಪಾರ್ ಲೈಟ್ (ಡಬ್ಬಿಯಂಥ ಸ್ಟೇಜ್ ಲೈಟ್), ಅವನ್ನು ತಂತಿಯ ಮೂಲಕ ನಿಯಂತ್ರಿಸುವ 192 ಚಾನೆಲ್‌ನ ಡಿಎಂಎಕ್ಸ್ ಕಂಟ್ರೋಲರ್ ಕೊಂಡಿದ್ದೇವೆ. ಲೈಟ್ 7 ಚಾನೆಲ್‌ನದು (ಬೆಳಕು, ಬಣ್ಣ ಹೀಗೆ ಒಂದೊಂದಕ್ಕೆ ಒಂದು ಚಾನೆಲ್) ಅಂತ 1, 8, 15 ಹೀಗೆ ಅಡ್ರೆಸ್, ಅಂದರೆ ಮೊದಲ ಚಾನೆಲ್‌ನ ನಂಬರ್, ಕೊಟ್ಟೆವು. ಮೊದಲ ಲೈಟ್ ಸರಿಯಾಗಿದೆ. ಎರಡನೇ ಬಟನ್ ಒತ್ತಿದರೆ ಎರಡನೇ ಲೈಟ್ ಹತ್ತುವುದೇ ಇಲ್ಲ. ಕೊನೆಯ ಎರಡು ಲೈಟ್ ಸುಮ್ನೆ ಮಿನುಗುತ್ತಿರುತ್ತವೆ. ಬಳಸಿದ್ದು ಮೈಕ್ ಕೇಬಲ್. ಏನು ಮಾಡಬೇಕು, ಸರ್?

ಉತ್ತರ: ಲೈಟ್ ಕೆಟ್ಟಿಲ್ಲ, ಗಾಬರಿ ಬೇಡ. 7ರ ಲೆಕ್ಕ ದೊಡ್ಡ ಕನ್ಸೋಲ್‌ಗೆ ಸರಿಹೋಗುತ್ತದೆ. ನಿಮ್ಮ ಕಂಟ್ರೋಲರ್‌ನ ಹಂಚಿಕೆ ಬೇರೆ. ಅದರಲ್ಲಿ 12 ಸ್ಕ್ಯಾನರ್ ಬಟನ್ (ಯಾವ ಲೈಟ್ ಎಂದು ಹೇಳುವ ಬಟನ್), ಒಂದೊಂದಕ್ಕೂ 16 ಚಾನೆಲ್. ಹಾಗಾಗಿ ಎರಡನೇ ಬಟನ್ ಶುರುವಾಗುವುದೇ 17ರಿಂದ. ನಿಮ್ಮ ಎರಡನೇ ಲೈಟ್ 8ರಿಂದ 14ರವರೆಗೆ ಕೂತಿದೆ. ಅಂದರೆ ಅದಿನ್ನೂ ಮೊದಲ ಬಟನ್ ಕೈಯಲ್ಲೇ ಇದೆ, ಅಲ್ವಾ? ಬೇಕಿದ್ದರೆ ಪರೀಕ್ಷಿಸಿ. ಮೊದಲ ಬಟನ್ ಒತ್ತಿ, 8ನೇ ಸ್ಲೈಡರ್ ಪೂರ್ತಿ ಏರಿಸಿ. ಪೇಜ್ ಬಟನ್ ಒತ್ತಿದರೆ ಅವೇ ಸ್ಲೈಡರ್‌ಗಳು 9ರಿಂದ 16ನೇ ಚಾನೆಲ್ ಆಗುತ್ತವೆ; ಹಾಗೆ ಬದಲಿಸಿ, ಮೊದಲ ಮೂರು ಸ್ಲೈಡರ್ ಎತ್ತಿ. ಮೊದಲ ಚಾನೆಲ್ ಡಿಮ್ಮರ್ (ಬೆಳಕು ಏರಿಳಿಸುವುದು), ಮುಂದಿನ ಮೂರು ಬಣ್ಣ ಆಗಿರುವ ಪಾರ್ ಆದರೆ ಎರಡನೇ ಲೈಟ್ ಹತ್ತುತ್ತದೆ.

ಅಡ್ರೆಸ್‌ಗಳನ್ನು 1, 17, 33, 49, 65, 81, 97, 113 ಮಾಡಿ. ಎಲ್ಲವೂ 7 ಚಾನೆಲ್ ಮೋಡ್‌ನಲ್ಲೇ ಇರಲಿ. ಪ್ರತಿ ಲೈಟಿನ ಬೆನ್ನಿಗೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಏಣಿ ಹತ್ತಿದವರಿಗೆ ಅದೇ ಆಸರೆ. ಎಡಬಲದ ಎರಡು ಲೈಟ್ ಯಾವಾಗಲೂ ಒಟ್ಟಿಗೇ ಬೇಕು ಅನ್ನಿಸಿದರೆ ಎರಡಕ್ಕೂ ಒಂದೇ ಅಡ್ರೆಸ್ ಕೊಡಬಹುದು.

ಇನ್ನು ಮಿನುಗುವುದು. ಡಿಎಂಎಕ್ಸ್ ತಂತಿಯಲ್ಲಿ ಸೆಕೆಂಡಿಗೆ 2,50,000 ಬಿಟ್ ಓಡುತ್ತವೆ. ತುದಿ ತೆರೆದಿದ್ದರೆ ಸಿಗ್ನಲ್ ಅಲ್ಲಿಂದ ಹಿಂದಕ್ಕೆ ಬಂದು ತನ್ನನ್ನೇ ಕೆಡಿಸುತ್ತದೆ. ಮೈಕ್ ಕೇಬಲ್ ಈ ಕೆಲಸಕ್ಕೆ ಮಾಡಿದ್ದಲ್ಲ. ಹತ್ತಿರದ ಎರಡು ಲೈಟಿಗೆ ನಡೆದೀತು, ಉದ್ದದ ಸಾಲಿಗೆ ಕೈಕೊಡುತ್ತದೆ. 120 ಓಮ್‌ನ ಡಿಎಂಎಕ್ಸ್ ಕೇಬಲ್ಲೇ ತನ್ನಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದಾಗ ಒಂದು ಮೂರು ಪಿನ್ನಿನ ಮೇಲ್ (ಪಿನ್ ಚಾಚಿರುವ) ಎಕ್ಸ್‌ಎಲ್‌ಆರ್ ಪ್ಲಗ್, 120 ಓಮ್ ರೆಸಿಸ್ಟರ್ ಕೂಡ ತನ್ನಿ. ರೆಸಿಸ್ಟರನ್ನು 2 ಮತ್ತು 3ನೇ ಪಿನ್ ನಡುವೆ ಬೆಸುಗೆ ಹಾಕಿ, ಕೊನೆಯ ಲೈಟಿನ 'ಔಟ್'ಗೆ ಚುಚ್ಚಿ. ಇದೇ ಟರ್ಮಿನೇಟರ್. ನನ್ನ ಬ್ಯಾಗಿನಲ್ಲಿ ಇಂಥವು ಎರಡು ಯಾವಾಗಲೂ ಇರುತ್ತವೆ. ತಂತಿಯನ್ನು ವೈ ಕನೆಕ್ಟರ್ ಹಾಕಿ ಮಾತ್ರ ಕವಲೊಡೆಸಬೇಡಿ. ಕವಲು ಬೇಕೇ ಬೇಕು ಅಂದರೆ ಸಿಗ್ನಲ್ ಹಂಚುವ ಪೆಟ್ಟಿಗೆ, ಸ್ಪ್ಲಿಟರ್ ಇದೆ.

ಇದೆಲ್ಲ ತಾಲೀಮಿನ ಜಾಗದಲ್ಲೇ ಮುಗಿಸಿ. ಎಂಟೂ ಲೈಟನ್ನು ನೆಲದ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೇ ಹತ್ತಿಸಿ ನೋಡಿ. ಕಲಾಕ್ಷೇತ್ರವಾಗಲಿ, ಕಲಾಸೌಧವಾಗಲಿ, ಹಾಲ್ ಕೈಗೆ ಸಿಗುವ ಹೊತ್ತು ಕಡಿಮೆ. ಆ ಹೊತ್ತೆಲ್ಲ ನಟರ ಮುಖದ ಬೆಳಕಿಗೆ ಸಲ್ಲಬೇಕು. ಅಲ್ಲಿ ಹೋದ ಮೇಲೆ ಒಂದು ಎಚ್ಚರ ಇರಲಿ. ಎಲ್‌ಇಡಿ ಲೈಟನ್ನು ಹಾಲ್‌ನ ಡಿಮ್ಮರ್ ಸಾಕೆಟ್‌ಗೆ (ಕರೆಂಟನ್ನೇ ಏರಿಳಿಸುವ ಸಾಕೆಟ್) ಹಾಕಿದರೆ ಅದರ ಪವರ್ ಸಪ್ಲೈ ಸುಟ್ಟುಹೋಗಬಹುದು. ಲೈಟಿನವರನ್ನು "ಅಣ್ಣಾ, ಇದು ಡೈರೆಕ್ಟ್ ಲೈನಾ?" ಅಂತ ಕೇಳಿಯೇ ಪ್ಲಗ್ ಹಾಕಿ.